ನೇತ್ರಾಣಿ: ನೀರಿನಡಿಯ ನಿಮಿಷಕ್ಕೆ ಎಷ್ಟು?

ಮುರುಡೇಶ್ವರದ ಕರೆಯಿಂದ ಸುಮಾರು 19 ಕಿ.ಮೀ. ದೂರದಲ್ಲಿದೆ ನೇತ್ರಾಣಿ ದ್ವೀಪ. ಅಲ್ಲಿ ಸ್ಕೂಬಾ ಡೈವಿಂಗ್ ಮಾಡಹೊರಟವರು ಮೊದಲು ಕೇಳುವುದು ‘ತಲೆಗೆ ಎಷ್ಟು?’ ಎಂದು. ಕೇಳಬೇಕಾದ್ದೇ, ಆದರೆ ಒಟ್ಟು ಖರ್ಚಿನಲ್ಲಿ ಅದು ಅರ್ಧವೂ ಅಲ್ಲ.

ಬೆಂಗಳೂರಿನ ಒಂದು ಸಂಸಾರ ಎಂದಿಟ್ಟುಕೊಳ್ಳಿ: ಗಂಡ, ಹೆಂಡತಿ, 12ರ ಮಗಳು, 8ರ ಮಗ. ತರಬೇತಿ ಇಲ್ಲದವರ ಮೊದಲ ಮುಳುಗಿಗೆ ತಲೆಗೆ 5,000, ಸ್ನಾರ್ಕೆಲಿಂಗ್‌ಗೆ 3,000 ರೂಪಾಯಿ ಎಂದು ಹಿಡಿದಿದ್ದೇನೆ. ನಿಮಗೆ ಹೇಳಿದ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ನಿಯಮದಂತೆ ಸಮುದ್ರದ ಇಂಥ ಮುಳುಗಿಗೆ ಕನಿಷ್ಠ 10 ವರ್ಷ ಆಗಿರಬೇಕು, ಆಳ 12 ಮೀಟರ್ ಮೀರಬಾರದು. ಹಾಗಾಗಿ ಮಗನಿಗೆ ಸ್ನಾರ್ಕೆಲ್ಲೇ ಗತಿ. ಅವನನ್ನು ದೋಣಿಯಲ್ಲಿ ಒಬ್ಬನನ್ನೇ ಬಿಡಲಾಗದು, ಅಪ್ಪ ಅಮ್ಮ ಸರದಿಯಲ್ಲಿ ಇಳಿಯಬೇಕು. ಮೂರು ಮುಳುಗಿಗೆ 15,000, ಜೊತೆಗೆ 3,000. ಒಟ್ಟು 18,000 ರೂಪಾಯಿ.

ಇಷ್ಟು ಕೊಟ್ಟು ನೀರಿನಡಿ ಸಿಗುವ ಹೊತ್ತೆಷ್ಟು? ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11 ಲೀಟರ್. 200 ಬಾರ್ ಒತ್ತಡಕ್ಕೆ ತುಂಬಿದರೆ ಅದರಲ್ಲಿ ಸುಮಾರು 2,200 ಲೀಟರ್ ಗಾಳಿ. 50 ಬಾರ್‌ನಷ್ಟು ಮೀಸಲು ಬಿಟ್ಟರೆ ಬಳಸಲು ಉಳಿಯುವುದು 1,650 ಲೀಟರ್. ಹೊಸಬರು ಗಾಬರಿಯಲ್ಲಿ ನಿಮಿಷಕ್ಕೆ 30 ಲೀಟರ್ ಎಳೆದರೂ ಆಶ್ಚರ್ಯವಿಲ್ಲ. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿ, ಆದ್ದರಿಂದ ಗಾಳಿಯ ಖರ್ಚೂ ಇಮ್ಮಡಿ: ನಿಮಿಷಕ್ಕೆ 60 ಲೀಟರ್. ಭಾಗಿಸಿದರೆ 27 ನಿಮಿಷ. ನಿಧಾನಕ್ಕೆ ಉಸಿರಾಡುವವರಿಗೆ ಇನ್ನಷ್ಟು ಸಿಕ್ಕೀತು, ಆದರೆ ಮೊದಲ ಸಲ ಮೀನು ಕಂಡವರು ನಿಧಾನಕ್ಕೆ ಉಸಿರಾಡುವುದುಂಟೇ! 25 ಎಂದು ಹಿಡಿಯೋಣ. ಟಿಕೆಟ್ ಲೆಕ್ಕದಲ್ಲಿ ನಿಮಿಷಕ್ಕೆ 200 ರೂಪಾಯಿ. ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್‌ಗೆ 1,500 ಕೊಟ್ಟು ಎರಡು ಗಂಟೆ ತೇಲಿದರೆ ನಿಮಿಷಕ್ಕೆ ಹನ್ನೆರಡೂವರೆ ರೂಪಾಯಿ. ಆದರೆ ಅಲ್ಲಿ ನೀರಿನ ರಭಸ ಸೂಪಾ ಅಣೆಕಟ್ಟೆಯಿಂದ ಎಷ್ಟು ಬಿಡುತ್ತಾರೆ ಎನ್ನುವುದರ ಮೇಲೆ ನಿಂತಿದೆ.

ಹೆಚ್ಚಿನವರು ಲೆಕ್ಕಕ್ಕೆ ಹಿಡಿಯದ ಸಂಗತಿ ಘಟ್ಟ. ಡೈವಿಂಗ್ ಮುಗಿಸಿ ವಿಮಾನ ಹತ್ತುವವರು ಒಂದೇ ಮುಳುಗಾದರೆ 12 ಗಂಟೆ, ಹಲವು ಮುಳುಗಾದರೆ 18 ಗಂಟೆ ಕಾಯಬೇಕು ಎಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ರಕ್ತದಲ್ಲಿ ಕರಗಿದ ಸಾರಜನಕ ಮೆಲ್ಲಗೆ ಹೊರಹೋಗಲು ಈ ಬಿಡುವು. ಸಲಹೆ ಅನ್ವಯಿಸುವುದು 2,000ರಿಂದ 8,000 ಅಡಿ ಎತ್ತರದ ಒತ್ತಡಕ್ಕೆ. ಬೆಂಗಳೂರು ಇರುವುದೇ ಸುಮಾರು 3,000 ಅಡಿಯಲ್ಲಿ! ಬೆಳಿಗ್ಗೆ ಹನ್ನೊಂದಕ್ಕೆ ನೀರಿನಿಂದೆದ್ದು, ಊಟ ಮುಗಿಸಿ, ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ರಾತ್ರಿಯೊಳಗೆ ಮನೆ ಸೇರುವ ಯೋಜನೆ ಇಲ್ಲಿಗೆ ಬಿದ್ದುಹೋಯಿತು. ಮಂಗಳೂರು ಸುತ್ತಿಕೊಂಡು ಬರುವ ರಾತ್ರಿ ರೈಲಿನವರಿಗೆ ಈ ತಾಪತ್ರಯ ಕಡಿಮೆ. ಸಕಲೇಶಪುರದ ಘಟ್ಟ ಬರುವಷ್ಟರಲ್ಲಿ ಬಹಳ ಹೊತ್ತು ಕಳೆದಿರುತ್ತದೆ.

ಕಾರಿನವರಿಗೆ ಎರಡನೇ ರಾತ್ರಿ ಕಡ್ಡಾಯ. ಕೋಣೆಗೆ ದಿನಕ್ಕೆ 3,000ದಂತೆ ಎರಡು ರಾತ್ರಿಗೆ 6,000. ಹೋಗಿಬರುವ ಸುಮಾರು 1,000 ಕಿ.ಮೀ.ಗೆ ಲೀಟರಿಗೆ 15 ಕಿ.ಮೀ.ಯಂತೆ 67 ಲೀಟರ್ ಪೆಟ್ರೋಲ್, ಲೀಟರಿಗೆ 103ರಂತೆ 6,900 ರೂಪಾಯಿ. ಊಟ ತಿಂಡಿಗೆ ತಲೆಗೆ ದಿನಕ್ಕೆ 500, ಮೂರು ದಿನಕ್ಕೆ 6,000. ಟೋಲ್ ಬಿಟ್ಟು ಒಟ್ಟು 36,900. ನೀರಿನಡಿ ಕಳೆದದ್ದು ಮೂವರೂ ಸೇರಿ 75 ನಿಮಿಷ. ನಿಮಿಷಕ್ಕೆ 492 ರೂಪಾಯಿ ಬಿತ್ತು. ಎರಡನೇ ರಾತ್ರಿಯ ಕೋಣೆ ಇದರಲ್ಲಿ ಬರೀ ಶೇ 8. ಅದನ್ನು ಉಳಿಸಲು ಹೋಗುವುದು ದಡ್ಡತನ. ಆ ಸಂಜೆಗೆ ಮುರುಡೇಶ್ವರ ದೇವಸ್ಥಾನದ 20 ಅಂತಸ್ತಿನ ರಾಜಗೋಪುರದ ಲಿಫ್ಟ್ ಹತ್ತಬಹುದು. ಅದು ಘಟ್ಟವಲ್ಲ, ಚಿಂತೆ ಬೇಡ.

ಹೊರಡುವ ಮುನ್ನ ನೆಗಡಿ, ಕಿವಿನೋವು, ಅಸ್ತಮಾ ಇದೆಯೇ ನೋಡಿಕೊಳ್ಳಿ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿದೂಗುವುದಿಲ್ಲ, ದಡದಲ್ಲೇ ಕೂರಬೇಕಾದೀತು. ಮಳೆಗಾಲದಲ್ಲಂತೂ ದೋಣಿ ಹೊರಡುವುದಿಲ್ಲ. ಉಳಿದ ತಿಂಗಳಲ್ಲೂ ಗಾಳಿ ಎದ್ದರೆ ರದ್ದು. ಆಗ ಡೈವಿಂಗಿನ 18,000 ವಾಪಸು ಬಂದೀತು, ಬುಕ್ ಮಾಡುವಾಗಲೇ ಕೇಳಿಡಿ. ಪೆಟ್ರೋಲ್, ಕೋಣೆ, ಊಟದ 18,900 ಮಾತ್ರ ಹೋದದ್ದೇ.