ಹಲವರು ಕೂಡಿ ಉಳಿಸಿದ ಹಾವು

ಹಾವೆಂದೊಡನೆ ಕೋಲು ಹುಡುಕುವುದು ಲೋಕರೂಢಿ. ಆದರೆ ಕೆರಿಬಿಯನ್ ಸಮುದ್ರದ ಆಂಟಿಗುವಾ ನಾಡಿನಲ್ಲಿ ಹಾವೊಂದನ್ನು ಉಳಿಸಲೆಂದೇ ಜನ ಒಂದುಗೂಡಿದರು.

ಹಲ್ಲಿಗಳನ್ನು ತಿಂದು ಬದುಕುವ ‘ಆಂಟಿಗುವನ್ ರೇಸರ್’ ಮನುಷ್ಯರಿಗೆ ಅಪಾಯವಿಲ್ಲದ ಸಾಧುಪ್ರಾಣಿ. ಕಬ್ಬಿನ ತೋಟಗಳ ಇಲಿಗಳನ್ನು ಅಡಗಿಸಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಮುಂಗುಸಿಗಳನ್ನು ತರಲಾಯಿತು. ಇವು ಭಾರತ ಮೂಲದ ಜಾತಿಯವು. ಇಲಿ ಸಂಚರಿಸುವುದು ರಾತ್ರಿ, ಮುಂಗುಸಿ ಬೇಟೆಯಾಡುವುದು ಹಗಲು. ಇಲಿಗಳು ಉಳಿದವು, ಹಾವುಗಳು ಅಳಿದವು. 1995ರಲ್ಲಿ ಎಣಿಸಿದಾಗ, ಮುಂಗುಸಿ ಕಾಲಿಡದ ಗ್ರೇಟ್ ಬರ್ಡ್ ಎಂಬ ಹತ್ತು ಹೆಕ್ಟೇರಿಗೂ ಕಿರಿದಾದ ನಡುಗಡ್ಡೆಯಲ್ಲಿ ಸುಮಾರು 50 ಹಾವುಗಳಷ್ಟೇ ಇದ್ದವು. ಅವುಗಳನ್ನೂ ಇಲಿಗಳು ಕಚ್ಚಿ ಗಾಯಗೊಳಿಸುತ್ತಿದ್ದವು.

ಆಗ ಸ್ಥಳೀಯ ಪರಿಸರ ಸಂಘ, ಸರಕಾರದ ಅರಣ್ಯ ವಿಭಾಗ, ವಿದೇಶಗಳ ಸಂರಕ್ಷಣಾ ಸಂಸ್ಥೆಗಳು ಸ್ವಯಂಪ್ರೇರಣೆಯಿಂದ ಕೈಜೋಡಿಸಿದವು. ಮೊದಲು ನಡುಗಡ್ಡೆಯ ಇಲಿಗಳನ್ನು ನಿರ್ಮೂಲಗೊಳಿಸಲಾಯಿತು. 1999ರಿಂದ ಹಾವುಗಳನ್ನು ಇಲಿಮುಕ್ತವಾದ ಬೇರೆ ನಡುಗಡ್ಡೆಗಳಿಗೂ ಒಯ್ದು ಬಿಡಲಾಯಿತು. ಅವುಗಳ ಸಂಖ್ಯೆ ಸಾವಿರವನ್ನು ದಾಟಿತು. ಕಡಲಹಕ್ಕಿಗಳಿಗೂ ನೆಮ್ಮದಿ ದೊರೆಯಿತು.

ಆದರೂ ಮೈಮರೆಯುವಂತಿಲ್ಲ. ಪ್ರವಾಸಿಗರ ದೋಣಿಯಲ್ಲಿ ಬಸುರಿ ಇಲಿಯೊಂದು ಬಂದಿಳಿದರೂ ಗಂಡಾಂತರವೇ. ಅದಕ್ಕಾಗಿಯೇ ಸ್ವಯಂಸೇವಕರ ಕಾವಲು ಅಗತ್ಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬ ಗಾದೆ ಹಾವಿನ ಮಟ್ಟಿಗೂ ಸತ್ಯವೇ.