ಒಂದು ಕಿವಿಗೆ ನಾಲ್ಕು ಬಸ್ಸು ಫೋನು

ಅರ್ಧ ಮೈಕ್ರಾನ್. ಅಮೆರಿಕದ ಆಡೆಜ್ ಕಂಪನಿ 2015ರಲ್ಲಿ ಹೊರತಂದ ಎಲ್‌ಸಿಡಿ-4 ಎಂಬ ಪ್ಲೇನಾರ್ ಮ್ಯಾಗ್ನೆಟಿಕ್ ಹೆಡ್‌ಫೋನಿನೊಳಗೆ ಅದುರಿ ಹಾಡುವ ಪೊರೆಯ ದಪ್ಪ ಇಷ್ಟೇ. ತಲೆಗೂದಲು ಸುಮಾರು 75 ಮೈಕ್ರಾನ್ ದಪ್ಪ. ಇಂಥ 150 ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಕೂದಲಾಯಿತು. ರಕ್ತದ ಕೆಂಪು ಕಣ ಸುಮಾರು 2 ಮೈಕ್ರಾನ್ ದಪ್ಪ. ನಾಲ್ಕು ಪೊರೆ ಸೇರಿದರೆ ಅದಕ್ಕೆ ಸಮ. ಕೆಂಪು ಬೆಳಕಿನ ಒಂದು ಅಲೆಯ ಉದ್ದವೇ 0.65 ಮೈಕ್ರಾನ್ ಆಸುಪಾಸು. ಅಂದರೆ ಈ ಪೊರೆ ಬೆಳಕಿನ ಅಲೆಗಿಂತಲೂ ತೆಳು! ಅದರ ಮೇಲೆ ವಿದ್ಯುತ್ ಹರಿಯಲೆಂದು ಲೋಹದ ಗೆರೆಯನ್ನು ಆ ತುದಿಯಿಂದ ಈ ತುದಿಗೆ, ಮತ್ತೆ ಆ ತುದಿಗೆ, ಹಾವು ಹೊರಳಿದ ಹಾಗೆ ಎಳೆದಿರುತ್ತಾರೆ. ಹೇಗೆ ಎಳೆದರೋ, ಎಳೆದವರಿಗೇ ಗೊತ್ತು.

ಈ ಪೊರೆ ತೂಗುವುದೆಷ್ಟು? 106 ಮಿಲಿಮೀಟರ್ ಅಗಲದ ವೃತ್ತವೆಂದು ಹಿಡಿದು, ಲೋಹದ ಗೆರೆ ಬಿಟ್ಟು, ಸಾಧಾರಣ ಪ್ಲಾಸ್ಟಿಕ್ಕಿನ ಸಾಂದ್ರತೆ ಹಾಕಿ ಗುಣಿಸಿದರೆ ಬರುವುದು 6 ಮಿಲಿಗ್ರಾಂ. ಮೂರು-ನಾಲ್ಕು ಪೊರೆ ಸೇರಿದರೆ ಒಂದು ಅಕ್ಕಿಕಾಳು. ಎರಡು ಕಿವಿಗೆ 12 ಮಿಲಿಗ್ರಾಂ. ಇಡೀ ಹೆಡ್‌ಫೋನಿನ ತೂಕವೋ, ಅರ್ಧ ಕಿಲೋಗೂ ಮೇಲೆ! ಅದರಲ್ಲಿ ಹಾಡುವ ಭಾಗ 40,000ದಲ್ಲಿ ಒಂದು. 4 ಟನ್ನಿನ ಆನೆಯನ್ನು ಇದೇ ಪ್ರಮಾಣದಲ್ಲಿ ಮಾಡಿದ್ದರೆ, ಘೀಳಿಡುವುದು ಅದರೊಳಗಿನ ಬರೇ 100 ಗ್ರಾಂ. ಉಳಿದ 3,999 ಕಿಲೋ 900 ಗ್ರಾಂ ಸುಮ್ಮನೆ ಜೊತೆಗೆ ನಿಂತಿರುತ್ತಿತ್ತು.

ಸುಮ್ಮನೆ ನಿಂತದ್ದೂ ಸಾಮಾನ್ಯದ್ದಲ್ಲ. ಪೊರೆಯನ್ನು ಅಲುಗಿಸಲು ಸುತ್ತ ಅಯಸ್ಕಾಂತದ ಸರಳುಗಳಿವೆ, ಭಾರದಲ್ಲಿ ದೊಡ್ಡ ಪಾಲು ಅವುಗಳದ್ದೇ. ಎಲ್‌ಸಿಡಿ-4ರ ಕಾಂತಕ್ಷೇತ್ರ 1.5 ಟೆಸ್ಲಾ ಎಂದು ತಯಾರಕರು ಹೇಳುತ್ತಾರೆ. ನಮ್ಮ ನಾಡಿನಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ಒಂದು ಟೆಸ್ಲಾದ ಹತ್ತು ಲಕ್ಷ ಭಾಗದಲ್ಲಿ ಸುಮಾರು 40. ಭಾಗಿಸಿ ನೋಡಿ: 37,000 ಪಟ್ಟು. ಆಸ್ಪತ್ರೆಗಳಲ್ಲಿರುವ ಎಂಆರ್‌ಐ ಯಂತ್ರಗಳಲ್ಲಿ ಬಹುಪಾಲು ಇದೇ 1.5 ಟೆಸ್ಲಾದವು. ಅಲ್ಲಿ ಇಡೀ ಮನುಷ್ಯ ಒಳಗೆ ಹೋಗುತ್ತಾನೆ, ಇಲ್ಲಿ ಅಕ್ಕಿಕಾಳಿನ ಮೂರರಲ್ಲೊಂದು ಪಾಲು ತೂಗುವ ಪೊರೆ.

ಇನ್ನು ವೇಗ. ತಂಬೂರಿಯ ಮಂದ್ರ ಷಡ್ಜ 69 ಹರ್ಟ್ಸ್ ಎಂದು ಇಟ್ಟುಕೊಳ್ಳಿ. ಮೂರು ಗಂಟೆಯ ಕಚೇರಿಯಲ್ಲಿ ಆ ಒಂದೇ ಸ್ವರಕ್ಕಾಗಿ ಪೊರೆ ಏಳೂವರೆ ಲಕ್ಷ ಸಲ ಹಿಂದೆ ಮುಂದೆ ಆಡುತ್ತದೆ. ನಿಮ್ಮ ಹೃದಯ ಅಷ್ಟು ಬಡಿಯಲು ವಾರವೇ ಬೇಕು. ಅದೂ ಕೆಳಗಿನ ಸ್ವರಕ್ಕೆ. 20,000 ಹರ್ಟ್ಸ್‌ನಲ್ಲಿ ಪೊರೆ ಒಂದೇ ಸೆಕೆಂಡಿನಲ್ಲಿ ಮುಗಿಸುವ ಬಡಿತಗಳಿಗೆ ಹೃದಯ ನಾಲ್ಕೂವರೆ ಗಂಟೆ ತೆಗೆದುಕೊಳ್ಳುತ್ತದೆ. ಚೀನಾದ ಹೈಫೈಮ್ಯಾನ್‌ನ ಸುಸ್ವರಾ ಹೆಡ್‌ಫೋನ್ (ಹೆಸರು ನಮ್ಮದೇ!) 75,000 ಹರ್ಟ್ಸ್‌ವರೆಗೆ ಹಾಡುತ್ತದಂತೆ. ಮನುಷ್ಯನ ಕಿವಿ 20,000ಕ್ಕೆ ಕೈಚೆಲ್ಲುತ್ತದೆ, ನಾಯಿಯದು ಸುಮಾರು 45,000ಕ್ಕೆ. ಅದರ ಮೇಲಿನದ್ದು ಯಾರಿಗೆ ಎಂದರೆ ಬಾವಲಿಗಳಿಗೆ ಎನ್ನಬೇಕು, ಆದರೆ ಅವು 6,000 ಡಾಲರ್ ಎಲ್ಲಿಂದ ತರಬೇಕು? ಹೌದು, 2017ರಲ್ಲಿ ಸುಸ್ವರಾ ಬಂದಾಗ ಬೆಲೆ 6,000 ಡಾಲರ್, ತೂಕ 450 ಗ್ರಾಂ. ಗ್ರಾಂಗೆ 13 ಡಾಲರ್! ಆ ವರ್ಷ ಬೆಳ್ಳಿ ಗ್ರಾಂಗೆ ಅರ್ಧ ಡಾಲರ್ ಚಿಲ್ಲರೆ, ಚಿನ್ನ 40ರ ಆಸುಪಾಸು. ಬೆಳ್ಳಿಯನ್ನು ಇಪ್ಪತ್ತು ಪಟ್ಟಿಗೂ ಮೇಲೆ ಮೀರಿಸಿ, ಚಿನ್ನದ ಮೂರನೇ ಒಂದು ಪಾಲಿಗೆ ಬಂದು ನಿಂತಿದೆ.

ಕೇಳಿದವರು ಮೊದಲು ಮಾತೆತ್ತುವುದು ಇಂಥ ಹೆಡ್‌ಫೋನುಗಳ ಕೆಳಸ್ವರದ ಬಗ್ಗೆ. ಮೃದಂಗದ ಎಡಬದಿಯ ಗುಮ್ಕಿ ಕಿವಿಗೆ ಬಡಿದು ಮಾಯವಾಗುವುದಿಲ್ಲ. ತೊಪ್ಪಿಯ ಚರ್ಮದ ಮೇಲೆ ಅಂಗೈ ಒತ್ತಿ ಜರುಗಿದ್ದು, ನಾದ ಮೇಲೇರಿ ಆರಿದ್ದು, ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತದೆ. 20 ಹರ್ಟ್ಸ್‌ಗೆ ಇಳಿದರೂ ಒಳ್ಳೆಯ ಪ್ಲೇನಾರ್ ದನಿ ಸೊರಗುವುದಿಲ್ಲ. ಆ 20 ಹರ್ಟ್ಸ್‌ನ ಒಂದು ಅಲೆ ಗಾಳಿಯಲ್ಲಿ 17 ಮೀಟರ್ ಉದ್ದ, ಊರಿಂದೂರಿಗೆ ಓಡುವ ಬಸ್ಸಿಗಿಂತ ಉದ್ದ. ಅದನ್ನು ಹುಟ್ಟಿಸುವುದು ಅರ್ಧ ಮೈಕ್ರಾನಿನ ಪೊರೆ. ಪೊರೆಯನ್ನು ಒಂದು ಮೀಟರ್ ದಪ್ಪದ ಕೋಟೆಗೋಡೆಯಷ್ಟು ಹಿಗ್ಗಿಸಿದರೆ, ಅದೇ ಅಳತೆಯಲ್ಲಿ ಅಲೆ 34,000 ಕಿಲೋಮೀಟರ್ ಆಗುತ್ತದೆ. ಇನ್ನೊಂದು 6,000 ಇದ್ದಿದ್ದರೆ ಭೂಮಿಗೆ ಒಂದು ಸುತ್ತು.

ಇಷ್ಟು ಹಗುರ, ಇಷ್ಟು ಚುರುಕು; ಹಾಗಾದರೆ ಉಫ್ ಎಂದರೆ ಹಾಡಬೇಕಲ್ಲ? ಅದೇ ಇಲ್ಲ! ಹೈಫೈಮ್ಯಾನ್ 2010ರಲ್ಲಿ ತಂದ ಎಚ್‌ಇ-6 ಈ ವಿಷಯದಲ್ಲಿ ಕುಂಭಕರ್ಣ. ಒಂದು ಮಿಲಿವ್ಯಾಟ್ ಕೊಟ್ಟರೆ ಅದು ಹೊರಡಿಸುವುದು 83.5 ಡೆಸಿಬೆಲ್. ಅಷ್ಟೇ ಶಕ್ತಿಗೆ 103 ಡೆಸಿಬೆಲ್ ಕೂಗುವ ಪುಟಾಣಿ ಇಯರ್‌ಫೋನುಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. ವ್ಯತ್ಯಾಸ ಬರೇ 20 ತಾನೇ ಎನ್ನಬೇಡಿ. ಡೆಸಿಬೆಲ್ ಲೆಕ್ಕದಲ್ಲಿ 10 ಹತ್ತಿದರೆ ಶಕ್ತಿ 10 ಪಟ್ಟು, 20 ಹತ್ತಿದರೆ 100 ಪಟ್ಟು, 30 ಹತ್ತಿದರೆ 1,000 ಪಟ್ಟು. ಮೆಟ್ಟಿಲು ಒಂದೇ ಎತ್ತರ, ಸುಂಕ ಮಾತ್ರ ಹತ್ತುಹತ್ತು ಪಟ್ಟು.

ಫೋನಿನ ಹೆಡ್‌ಫೋನ್ ತೂತಿನಿಂದ ಸಾಮಾನ್ಯವಾಗಿ ಹೊರಡುವುದು ಒಂದು ವೋಲ್ಟ್. 50 ಓಮ್‌ನ ಎಚ್‌ಇ-6ಗೆ ಅದು 20 ಮಿಲಿವ್ಯಾಟ್, ಹೆಚ್ಚೆಂದರೆ 96.5 ಡೆಸಿಬೆಲ್. ವಾಲ್ಯೂಮ್ ಪಟ್ಟಿ ಬಲತುದಿಗೆ ಮುಟ್ಟಿ ನಿಂತಿರುತ್ತದೆ, ಇನ್ನು ಮೇಲೇರಲು ಜಾಗವಿಲ್ಲ. ವಾದ್ಯವೃಂದದ ನಗಾರಿಗೆ ಏಟು ಬೀಳುವ ಕ್ಷಣಕ್ಕೆಂದು ಹವ್ಯಾಸಿಗಳು 120 ಡೆಸಿಬೆಲ್‌ವರೆಗೆ ಜಾಗ ಬಿಟ್ಟು ಲೆಕ್ಕ ಹಾಕುತ್ತಾರೆ. ಅದಕ್ಕೆ ಬೇಕಾದದ್ದು 4.5 ವ್ಯಾಟ್, ಅಂದರೆ ಸುಮಾರು 15 ವೋಲ್ಟ್, ಹತ್ತು ಪೆನ್ಸಿಲ್ ಸೆಲ್ ಸಾಲಾಗಿ ಜೋಡಿಸಿದಷ್ಟು. ಫೋನುಗಳ ಲೆಕ್ಕದಲ್ಲಿ ಹೇಳುವುದಾದರೆ 223 ಫೋನು. ನಾಲ್ಕು ಸರ್ಕಾರಿ ಬಸ್ಸು ಭರ್ತಿ ಮಾಡಿ, ಪ್ರಯಾಣಿಕರ ಫೋನನ್ನೆಲ್ಲ ಕಸಿದು, ಶಕ್ತಿಯನ್ನು ಒಟ್ಟುಗೂಡಿಸಿ ತಂದರೆ ಒಂದು ಕಿವಿಗೆ ಸಾಲುತ್ತದೆ!

ಬಸ್ಸು ಬೇಡ, ಊರೇ ಬರಲಿ. ಮನುಷ್ಯ ಮಾಮೂಲಾಗಿ ಮಾತಾಡುವಾಗ ಬಾಯಿಂದ ಹೊರಡುವ ಧ್ವನಿಶಕ್ತಿ ಒಂದು ವ್ಯಾಟಿನ ಲಕ್ಷದ ಒಂದು ಭಾಗದಷ್ಟು. 4.5 ವ್ಯಾಟ್ ಆಗಬೇಕಾದರೆ ನಾಲ್ಕೂವರೆ ಲಕ್ಷ ಜನ ಒಟ್ಟಿಗೆ ಮಾತಾಡಬೇಕು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಬೆಣ್ಣೆದೋಸೆ ಹಾಕುವವರವರೆಗೆ ಇಡೀ ದಾವಣಗೆರೆ ಒಂದೇ ಸಲ ಬಾಯಿ ತೆರೆದರೂ ಎಚ್‌ಇ-6ರ ಒಂದು ಬದಿಗೆ ಕೊಂಚ ಕಡಿಮೆಯೇ.

ಹಾಗಾಗಿ ಅಭಿಮಾನಿಗಳು ಸ್ಪೀಕರಿಗೆಂದು ಮಾಡಿದ ಆಂಪ್ಲಿಫೈಯರ್ ತಂದು, ಅದರ ಹಿಂಬದಿಯ ದಪ್ಪ ತಂತಿಗಳನ್ನೇ ಈ ಹೆಡ್‌ಫೋನಿಗೆ ಸಿಕ್ಕಿಸಿದರು. 8 ಓಮ್ ಸ್ಪೀಕರಿಗೆ 100 ವ್ಯಾಟ್ ಕೊಡುವ ಆಂಪ್ 50 ಓಮ್‌ಗೆ ಕೊಡುವುದು 16 ವ್ಯಾಟ್. ಎಚ್‌ಇ-6ರಲ್ಲಿ ಅದು 125 ಡೆಸಿಬೆಲ್ಲನ್ನೂ ದಾಟುತ್ತದೆ. ಪ್ರೀತಿ ಸರಿ, ಆದರೆ ಇದು ನನಗೆ ತುಸು ಅತಿಯೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ಲನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ 4 ಗಂಟೆ. ಅದೇ ಲೆಕ್ಕ ಹಿಡಿದು ಮೇಲೇರಿದರೆ 120ಕ್ಕೆ ವಾರಕ್ಕೆ 14 ಸೆಕೆಂಡ್. 125.5ಕ್ಕೆ 4 ಸೆಕೆಂಡ್! ಸೋಮವಾರ ಒಂದು ಕೆಮ್ಮು ಕೇಳಿದರೆ ಮುಂದಿನ ಸೋಮವಾರದವರೆಗೆ ರಜೆ.

ತಮಾಷೆಯೆಂದರೆ, ಆರಾಮವಾಗಿ ಹಾಡು ಕೇಳುವಾಗ ಇದೇ ಕುಂಭಕರ್ಣನಿಗೆ ಒಂದು ಮಿಲಿವ್ಯಾಟ್ ಸಾಕು. 83 ಡೆಸಿಬೆಲ್ ಎಂದರೆ ಕಡಿಮೆಯೇನಲ್ಲ. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ತಿನ್ನುವಷ್ಟು ಶಕ್ತಿಯಲ್ಲಿ 4,500 ಜನರ ಎರಡೂ ಕಿವಿಗೆ ಎಚ್‌ಇ-6 ಹಾಕಿ ಕೂರಿಸಬಹುದು. ಆಂಪ್ಲಿಫೈಯರ್ ಹೆಚ್ಚಿನ ಹೊತ್ತು ಬೆರಳಾಡಿಸುತ್ತ ಕೂತಿರುತ್ತದೆ. ನಗಾರಿಯ ಏಟು ಬಿದ್ದ ಕ್ಷಣಕ್ಕೆ ಮಾತ್ರ 4,500 ಪಟ್ಟು ಮೈಕೊಡವಿ ಏಳಬೇಕು.

ಆ 4,500 ಪಟ್ಟು ಕೂಡ ಕಿವಿಯ ಎದುರು ಚಿಲ್ಲರೆ ಕಾಸು. ಕೇಳಿಸೀತೋ ಇಲ್ಲವೋ ಎಂಬಷ್ಟು ಸಣ್ಣ ಸದ್ದಿಗೂ ಕಿವಿ ನೋಯಿಸುವ 120 ಡೆಸಿಬೆಲ್‌ಗೂ ಶಕ್ತಿಯಲ್ಲಿರುವ ಅಂತರ ಒಂದಕ್ಕೆ ಒಂದು ಲಕ್ಷ ಕೋಟಿ. ಮೊದಲನೆಯದು ಒಂದು ರೂಪಾಯಿ ನಾಣ್ಯವಾದರೆ, ಎರಡನೆಯದು ಕರ್ನಾಟಕ ಸರ್ಕಾರದ 2025-26ರ ಬಜೆಟ್ಟಿನ ಕಾಲುಭಾಗ. ಆ ಸಣ್ಣ ಸದ್ದಿನಲ್ಲಿ ಗಾಳಿಯ ಕಣ ಕದಲುವ ದೂರ ಜಲಜನಕದ ಒಂದು ಪರಮಾಣುವಿನ ಹತ್ತರಲ್ಲೊಂದು ಪಾಲು. ಪರಮಾಣುವಿನ ಹತ್ತರಲ್ಲೊಂದು ಪಾಲು ಕದಲಿದ್ದು ನಿಮಗೆ ಕೇಳುತ್ತದೆ!

ಕಿವಿತಮಟೆಯ ವಿಸ್ತೀರ್ಣ ಸುಮಾರು 55 ಚದರ ಮಿಲಿಮೀಟರ್. ಅದರ ಮೇಲೆ ಬೀಳುವ ಆ ಸದ್ದಿನ ಶಕ್ತಿಯನ್ನು ವ್ಯಾಟಿನಲ್ಲಿ ಬರೆದರೆ ದಶಾಂಶ ಬಿಂದುವಿನ ಬಳಿಕ 16 ಸೊನ್ನೆ ಇಟ್ಟು ಆಮೇಲೆ 55 ಬರೆಯಬೇಕು. ಈಗ ಎಚ್‌ಇ-6 ಕೇಳಿದ 4.5 ವ್ಯಾಟನ್ನು ಒಂದು ಚೂರೂ ಪೋಲಾಗದಂತೆ ಸದ್ದಾಗಿಸಿ ಕಿವಿಗಳಿಗೆ ಹಂಚುತ್ತ ಹೋಗಿ. ಭೂಮಿಯ ಮೇಲಿರುವ ಸುಮಾರು 820 ಕೋಟಿ ಜನರ 1,640 ಕೋಟಿ ಕಿವಿಗಳಿಗೆ ಕೊಟ್ಟರೂ ತುಣುಕು ತಗ್ಗುವುದಿಲ್ಲ. ಇನ್ನೊಂದು ಭೂಮಿ ತನ್ನಿ, ಅದರ ಕಿವಿಗಳಿಗೂ ಕೊಡಿ. ಸಾವಿರ ತನ್ನಿ, ಲಕ್ಷ ತನ್ನಿ. 50 ಲಕ್ಷ ಭೂಮಿಗಳ ಅಷ್ಟೂ ಕಿವಿಗೆ ಮುಟ್ಟುತ್ತದೆ.

ಇದು ಎಡಗಿವಿಯ ಲೆಕ್ಕ. ಬಲಗಿವಿಗೆ ಇನ್ನೊಂದು 4.5 ವ್ಯಾಟ್ ಬೇರೆ ಕೊಡಬೇಕು.