ಗಾಜಿನ ತೊಟ್ಟಿಯಲ್ಲಿ ಸರ್ಜನ್ ಮೀನು

ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಹವಳದ ದಿಬ್ಬಗಳಲ್ಲಿ ನೀಲಿ ಮೈಯ, ಹಳದಿ ಬಾಲದ ಚೆಲುವಾದ ಮೀನೊಂದುಂಟು. ಬಾಲದ ಬುಡದಲ್ಲಿ ಎರಡು ಪಕ್ಕಕ್ಕೂ ಶಸ್ತ್ರವೈದ್ಯನ ಅಲಗಿನಂತಹ ಮುಳ್ಳಿರುವುದರಿಂದ ಇದರ ಕುಲಕ್ಕೆ ‘ಸರ್ಜನ್ ಮೀನು’ ಎಂಬ ಹೆಸರು. ಇದನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಬಯಸುವವರು ಮೊದಲು ಉಪ್ಪುನೀರಿನ ಲೆಕ್ಕವನ್ನು ಅರಿತಿರಬೇಕು.

ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವುಂಟು. ಮೀನಿನ ರಕ್ತದಲ್ಲಿರುವುದು ಸುಮಾರು ಇದರ ಮೂರರಲ್ಲೊಂದು ಪಾಲು ಮಾತ್ರ. ಆದುದರಿಂದ ಮೀನಿನ ಮೈಯೊಳಗಿನ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಆ ನಷ್ಟವನ್ನು ತುಂಬಲು ಅದು ಕಡಲನೀರನ್ನೇ ಕುಡಿದು, ಹೆಚ್ಚಿನ ಲವಣವನ್ನು ಕಿವಿರುಗಳಿಂದ ಹೊರದೂಡುತ್ತದೆ.

ತೊಟ್ಟಿಯ ನೀರು ಆವಿಯಾಗುವಾಗ ಲವಣ ಹಿಂದುಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ನೀರು ಆರಿದರೆ 35 ಗ್ರಾಂ ಸುಮಾರು 39 ಆಗಿ, ಮೀನಿನ ದುಡಿಮೆ ಹೆಚ್ಚುತ್ತದೆ. ಆಗ ಉಪ್ಪುನೀರನ್ನು ಸುರಿಯುವುದು ತಪ್ಪು. ಆರಿದಷ್ಟು ಶುದ್ಧವಾದ ಸಿಹಿನೀರನ್ನೇ ದಿನದಿನವೂ ತುಂಬಬೇಕು. 25 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಹೈಡ್ರೋಮೀಟರು 1.025ರ ಆಸುಪಾಸನ್ನು ತೋರಿಸುತ್ತಿರಲಿ.

ಚಿಕ್ಕ ತೊಟ್ಟಿಯಲ್ಲಿ ಈ ಏರುಪೇರು ಬೇಗನೆ ಆಗುತ್ತದೆ. ಮೇಲಾಗಿ ಈ ಮೀನು ಸುಮಾರು 30 ಸೆಂಟಿಮೀಟರಿನವರೆಗೆ ಬೆಳೆಯುವ, ಹಗಲೆಲ್ಲ ಈಜಾಡುವ ಜೀವಿ. ದೊಡ್ಡ ತೊಟ್ಟಿಗೂ ನಿತ್ಯದ ಆರೈಕೆಗೂ ಅನುಕೂಲವಿಲ್ಲದವರು ಇದನ್ನು ಕಡಲಿನಲ್ಲಿಯೇ ಇರಗೊಡುವುದು ಲೇಸು.